ನಾಗ ಮಲಗಿದ ದಿಕ್ಕು

ನವೆಂಬರ್ ೨೨, ಭಾನುವಾರ ವಗೆ. ಅಂತರ ೬೧

ಜಿಲ್ಲಾ ಕಚೇರಿಯಿಂದ ಬಂದ ಹುಡುಗಿ ರೆಸ್ತು ನನ್ನ ಅಂಗಳದಲ್ಲಿ ಎರಡು ಗೂಟ ಹೊಡೆದು ಈ ಪುಸ್ತಕ ಕೈಗಿಟ್ಟು ಹೋದಳು. ನನ್ನ ಹಿತ್ತಲಿನಿಂದ ಕೆಳಮನೆಯ ದಾರ್ಕುಮನ ಮೀನುಕೊಳದವರೆಗೆ ನೆಲ ಬಿರಿದಿದೆ. ಆ ಬಿರುಕಿನ ಆಚೆ ಒಂದು ಗೂಟ, ಈಚೆ ಒಂದು. ದಿನಾ ಬೆಳಗ್ಗೆ ಎರಡರ ನಡುವಿನ ಅಂತರ ಅಳೆದು ಸೆಂಟಿಮೀಟರಿನಲ್ಲಿ ಬರೆಯಬೇಕಂತೆ. ಬರೀ ಒಂದು ಅಂಕಿ. ಒಂದು ಅಂಕಿಗೆ ಒಂದಿಡೀ ಹಾಳೆ! ಸರಕಾರದ ಹತ್ತಿರ ಕಾಗದ ಹೆಚ್ಚಾಗಿದೆ. ಉಳಿದ ಜಾಗದಲ್ಲಿ ನನ್ನ ಮಾತು ಬರೆದುಕೊಳ್ಳುತ್ತೇನೆ, ಕೇಳುವವರು ಯಾರೂ ಇಲ್ಲ.

"ಅಜ್ಜಿ, ಒಂದೇ ದಿನಕ್ಕೆ ಐದು ಸೆಂಟಿಮೀಟರ್ ಜಾಸ್ತಿ ಆದ್ರೆ ಕಾಯ್ತಾ ಕೂರ್ಬೇಡಿ. ಎಚ್ಚರಿಕೆಯ ಮರದ ದಿಮ್ಮಿ ಬಾರಿಸಿ, ಹದಿನಾಲ್ಕು ಮನೆಯವರೂ ಹೊಳೆ ದಾಟಿಬಿಡಿ. ಆ ಮೀನುಕೊಳಾನೂ ಖಾಲಿ ಮಾಡಿಸಿ, ನೀರು ಒಳಗೆ ಇಳೀತಿದೆ" ಅಂದಳು.

"ಈ ಗುಡ್ಡ ನಿಮ್ಮಜ್ಜನಿಗಿಂತ ಹಳೇದು ಮಗಾ. ಬೀಳೋದಿದ್ರೆ ನನ್ನ ಪುಸ್ತಕದಲ್ಲಿ ಬರೆದಿರೋದು" ಅಂದೆ. ಅವಳು ನಕ್ಕು, ಮರಗೆಣಸಿನ ಹಪ್ಪಳ ತಿಂದು ಹೋದಳು.

ನನ್ನ ಪುಸ್ತಕ ಅಂದರೆ ಗಂಡ ಮದ್ಕಾಸಿಮ್ ಬಿಟ್ಟುಹೋದದ್ದು. ಹಳೆಯ ಜಾವಾ ಲಿಪಿಯಲ್ಲಿ ಬರೆದ ದಿನದ ಲೆಕ್ಕ. ಅವನು ಹೋಗಿ ಹನ್ನೊಂದು ವರ್ಷ. ಹೆಂಗಸು ದಿನ ನೋಡುವುದುಂಟೇ ಎಂದು ಮೈದುನ ತಾರ್ಸುದಿ ಊರೆಲ್ಲ ಹೇಳಿಕೊಂಡು ತಿರುಗಿದ. ತಾನೂ ಅಣ್ಣನ ಹತ್ತಿರ ಹಳೆಯ ಲಿಪಿ ಕಲಿತವನಂತೆ. ಹೇಳಲಿ. ನಾನು ದಿನ ಇಟ್ಟುಕೊಟ್ಟ ಮದುವೆಗಳು ಮೂವತ್ತೆರಡು. ಒಂದೂ ಮುರಿದಿಲ್ಲ.

ಮೂವತ್ತಮೂರನೆಯದು ದಾರ್ಕುಮನ ಮಗಳು ಮುರ್ನಿಯದು. ಡಿಸೆಂಬರ್ ೧೩, ಭಾನುವಾರ ಕ್ಲಿವೊನ್. ವಾರಕ್ಕೆ ಐದು, ಐದು ದಿನಕ್ಕೊಮ್ಮೆ ಬರುವ ಸಂತೆದಿನ ಕ್ಲಿವೊನ್‌ಗೆ ಎಂಟು, ಕೂಡಿದರೆ ಹದಿಮೂರು. ಇಬ್ಬರ ಹುಟ್ಟುದಿನಕ್ಕೂ ಒಪ್ಪುತ್ತದೆ. ಅದು ತಪ್ಪಿದರೆ ಸುರೊ ತಿಂಗಳು, ಯಾರೂ ಮದುವೆ ಮಾಡುವುದಿಲ್ಲ. ಸುರೊ ಮುಗಿಯುವ ಮೊದಲೇ ವರ ಹಡಗಿನ ಕೆಲಸಕ್ಕೆ ಎರಡು ವರ್ಷ ಹೊರಡುತ್ತಾನೆ.

ನವೆಂಬರ್ ೨೬, ಗುರುವಾರ ಪೊನ್. ಅಂತರ ೬೧

ಗೂಟ ಅಲ್ಲೇ ಇದೆ, ನಾನೂ ಇಲ್ಲೇ ಇದ್ದೇನೆ.

ದಾರ್ಕುಮನ ಮನೆ ನನ್ನ ಮನೆಯ ನೇರ ಕೆಳಗೆ. ಕೊಳಕ್ಕೆ ಬರುವಾಗ ಬೇಲಿಯಾಚೆಯಿಂದ ಕೂಗುತ್ತಾನೆ: "ಇವತ್ತೆಷ್ಟಜ್ಜಿ? ಗುಡ್ಡಕ್ಕೆ ಎಷ್ಟು ತಿಂಗಳು?"

"ನಿನ್ನ ಹೊಟ್ಟೆಗಿಂತ ಕಮ್ಮಿ" ಅಂದೆ. ಹೆಂಡತಿ ಕುಸ್ಯಾತಿ ಕೆಳಗಿನಿಂದ ನಕ್ಕಿದ್ದು ಕೇಳಿಸಿತು.

ಕೊಳದಲ್ಲಿ ಅರವತ್ತು ಗುರಾಮಿ ಮೀನುಗಳಿವೆ. ಮೂರು ವರ್ಷದಿಂದ ಕೆಸುವಿನ ಎಲೆ ಹಾಕಿ ಸಾಕಿದ್ದು, ಮುರ್ನಿಯ ಮದುವೆಯ ಊಟಕ್ಕೆಂದೇ. ಅದನ್ನು ಖಾಲಿ ಮಾಡು ಎಂದು ನಾನು ಯಾವ ಬಾಯಿಂದ ಹೇಳಲಿ? ಹೇಳಲಿಲ್ಲ.

ಡಿಸೆಂಬರ್ ೧, ಮಂಗಳವಾರ ಪೊನ್. ಅಂತರ ೬೨.೫

ಮೂರು ದಿನದಿಂದ ಮಳೆ. ಒಂದೂವರೆ ಹೆಚ್ಚಾಗಿದೆ. ಮಳೆಗೆ ಗೂಟ ಸಡಿಲವಾಗಿರಬೇಕು.

ರೆಸ್ತು ಬಂದು ನೋಡಿ, ಎಲ್ಲರೂ ಹೊಳೆಯಾಚೆಯ ಶಾಲೆಗೆ ನಡೆಯಿರಿ ಎಂದು ಹಠ ಹಿಡಿದಳು. ಮೇಕೆ, ಕೋಳಿ, ಚಾಪೆ ಎಲ್ಲ ಹೊತ್ತುಕೊಂಡು ಹೋಗಬೇಕಾಯಿತು.

ಡಿಸೆಂಬರ್ ೪, ಶುಕ್ರವಾರ ಲೆಗಿ. ಅಂತರ ೬೩

ಎರಡು ದಿನ ಶಾಲೆಯ ನೆಲದ ಮೇಲೆ ಮಲಗಿ ಎಲ್ಲರ ಸೊಂಟ ಹಿಡಿಯಿತು. ಗುಡ್ಡ ಕದಲಲಿಲ್ಲ. ನಮ್ಮ ಕೋಳಿಗಳು ಶಾಲೆಯ ಕಪಾಟಿನಲ್ಲಿ ಮೊಟ್ಟೆಯಿಟ್ಟು ಬಂದವು, ಅದೊಂದೇ ಲಾಭ. ನಿನ್ನೆ ಎಲ್ಲರೂ ಮನೆಗೆ ಹಿಂದಿರುಗಿದೆವು. ದಾರಿಯುದ್ದಕ್ಕೂ ರೆಸ್ತುವಿನ ಮಾತು ಆಡಿಕೊಂಡು ನಕ್ಕಿದ್ದೇ ನಕ್ಕಿದ್ದು. ನಾನೂ ನಕ್ಕೆ. "ಕೋಲಿಗೆ ಹೆದರಿ ಓಡಿದ ಊರು ಅಂತ ಹೊಳೆಯಾಚೆಯವರು ಇನ್ನು ಹತ್ತು ವರ್ಷ ಹೇಳ್ತಾರೆ" ಎಂದು ದಾರ್ಕುಮ್ ಹೇಳಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ. ಆ ಹುಡುಗಿ ಸೇತುವೆಯ ಹತ್ತಿರ ನಿಂತು ಕೇಳಿಸಿಕೊಂಡಳು.

ಇನ್ನು ಅವಳು ಕರೆದರೆ ಒಂದು ಬೆಕ್ಕೂ ಹೊರಡುವುದಿಲ್ಲ.

ಡಿಸೆಂಬರ್ ೭, ಸೋಮವಾರ ವಗೆ. ಅಂತರ ಬೆಳಗ್ಗೆ ೬೬, ಸಂಜೆ ೬೬.೫

ಬೆಳಗ್ಗೆ ಅಳೆದದ್ದು ಸರಿಯಿಲ್ಲವೇನೋ ಎಂದು ಮಧ್ಯಾಹ್ನ ಮತ್ತೆ ಅಳೆದೆ. ಸಂಜೆಯೂ ಅಳೆದೆ. ಕೆಲಸವಿಲ್ಲದವಳಿಗೆ ಇದೊಂದು ಕೆಲಸ.

ಕೊಳದ ನೀರು ಒಂದು ಗೇಣು ಇಳಿದಿದೆ. ತೂಬು ಯಾರೂ ತೆಗೆದಿಲ್ಲ. ಬಿರುಕಿಗೆ ಕಿವಿಯಿಟ್ಟು ಕೇಳಿದೆ. ಒಳಗೆ ನೀರು ಗುಳುಗುಳು ಎನ್ನುತ್ತಿತ್ತು. ದಾರ್ಕುಮನಿಗೆ ಹೇಳಿದರೆ, ಮೀನಿಗೆ ನೀರು ಸಾಲದು ಎಂದು ಮೇಲಿನ ಒರತೆಯಿಂದ ಇನ್ನೊಂದು ಬಿದಿರು ಕೊಳವೆ ಜೋಡಿಸಿ ನೀರು ಬಿಟ್ಟ!

ತಾರ್ಸುದಿ ಮೇಕೆಗೆ ಸೊಪ್ಪು ಹುಡುಕುವವನ ಹಾಗೆ ಬಂದು, ಗೂಟಗಳನ್ನು ನೋಡಿ, ನನ್ನನ್ನು ನೋಡದೆ ಹೋದ. ಸೊಪ್ಪನ್ನೂ ಕೊಯ್ಯಲಿಲ್ಲ.

ಡಿಸೆಂಬರ್ ೮, ಮಂಗಳವಾರ ಕ್ಲಿವೊನ್. ಅಂತರ ೬೮.೫

ಇವತ್ತು ದಾರ್ಕುಮನ ಅಂಗಳಕ್ಕೆ ಹೋದೆ. ಚಪ್ಪರಕ್ಕೆ ಬಿದಿರು ಸೀಳುತ್ತಿದ್ದ. ಭಾನುವಾರ ಇನ್ನೂರು ಜನ ಈ ಅಂಗಳದಲ್ಲಿ ಊಟಕ್ಕೆ ಕೂರುತ್ತಾರೆ. ತಲೆಯ ಮೇಲೆ ಆ ಬಿರುಕು.

"ಮದುವೇನ ಹೊಳೆಯಾಚೆ ಇಟ್ಕೊಳಪ್ಪಾ, ವರನ ಮನೇಲಿ" ಅಂದೆ.

"ಹೆಣ್ಣಿನ ಮದುವೆ ಗಂಡಿನ ಮನೇಲಾ? ನಮಗೇನು ಅಂಗಳ ಇಲ್ವಾ? ಅಮ್ಮ ಅಪ್ಪ ಸತ್ತು ಹೋಗಿದಾರಾ?" ಎಂದು ಕುಸ್ಯಾತಿ ಒಳಗಿನಿಂದಲೇ ಸಿಡುಕಿದಳು.

"ಗೂಟ ಏಳೂವರೆ ಸೆಂಟಿಮೀಟರ್ ಸರಿದಿದೆ ಕಣೋ."

ದಾರ್ಕುಮ್ ಮಚ್ಚು ಕೆಳಗಿಟ್ಟ. ಅವನು ಒರಟನಲ್ಲ. ಮಗಳೆಂದರೆ ಪ್ರಾಣ. ಮೆಲ್ಲಗೇ ಕೇಳಿದ: "ಅಜ್ಜಿ, ಭಾನುವಾರ ಕ್ಲಿವೊನ್ ಅಂತ ದಿನ ಕೊಟ್ಟಿದ್ದು ಯಾರು?"

"ನಾನೇ."

"ಒಳ್ಳೇ ದಿನ ತಾನೆ?"

"ಒಳ್ಳೇದೇ."

"ಒಳ್ಳೇ ದಿನದಲ್ಲಿ ಗುಡ್ಡ ಯಾಕೆ ಬೀಳುತ್ತೆ? ಬೀಳೋದಾದ್ರೆ ನಿನ್ನ ದಿನ ಕೆಟ್ಟದ್ದು. ದಿನ ಒಳ್ಳೇದಾದ್ರೆ ಗುಡ್ಡ ಬೀಳಲ್ಲ. ಎರಡರಲ್ಲಿ ಒಂದು ಹೇಳು, ಕೇಳ್ತೀನಿ."

ಅಡಕತ್ತರಿಗೆ ಸಿಕ್ಕಿದ ಅಡಕೆಯಂತಾಯಿತು. ಮೂವತ್ತೆರಡು ಮದುವೆಗಳ ನಂಬಿಕೆಯನ್ನು ನಾನೇ ಇವನ ತಲೆಯಲ್ಲಿ ತುಂಬಿದ್ದು. ಈಗ ಅದನ್ನೇ ನನ್ನ ಮುಂದೆ ಹಿಡಿದಿದ್ದಾನೆ. ಎದ್ದು ಬಂದೆ. ಮುರ್ನಿ ಬಾಗಿಲ ಬಳಿ ನಿಂತು ಅಂಗೈಯ ಗೋರಂಟಿ ತೋರಿಸಿದಳು. ಚೆನ್ನಾಗಿದೆ ಅಂದೆ.

ಡಿಸೆಂಬರ್ ೯, ಬುಧವಾರ ಲೆಗಿ. ಅಂತರ ೭೧

ಇಡೀ ದಿನ ಲೆಕ್ಕವನ್ನು ಮತ್ತೆ ಹಾಕಿದೆ. ಐದು ಸಲ. ಹುಡುಗನ ಹುಟ್ಟುದಿನ, ಹುಡುಗಿಯ ಹುಟ್ಟುದಿನ, ಅಜ್ಜ ಅಜ್ಜಿಯರು ಸತ್ತ ದಿನ, ನಾಗ ಮಲಗುವ ದಿಕ್ಕು. ಆ ದಿನ ನೆಲದಡಿಯ ನಾಗ ಬಡಗಣಕ್ಕೆ ಬಾಯಿ ತೆರೆದು ಮಲಗುತ್ತದೆ, ಆ ಕಡೆಗೆ ದಿಬ್ಬಣ ನಡೆಯಬಾರದು. ವರನ ದಿಬ್ಬಣ ಬರುವುದು ಮೂಡಣದಿಂದ ಪಡುವಣಕ್ಕೆ. ಅಡ್ಡಿಯೇ ಇಲ್ಲ.

ಎಲ್ಲಾದರೂ ಒಂದು ತಪ್ಪು ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು. ಸಿಗಲಿಲ್ಲ. ನಾನು ಸರಿಯಾಗಿಯೇ ಎಣಿಸಿದ್ದೇನೆ, ಹಾಳಾದ್ದು.

ಡಿಸೆಂಬರ್ ೧೦, ಗುರುವಾರ ಪಹಿಂಗ್. ಅಂತರ ಬೆಳಗ್ಗೆ ೭೫, ಸಂಜೆ ೭೬.೫

ಇದು ಯಾರ ಕಣ್ಣಿಗೂ ಬೀಳಬಾರದು. ಆದರೂ ಬರೆಯುತ್ತೇನೆ.

ಬೆಳಗ್ಗೆ ದಾರ್ಕುಮನ ಅಂಗಳದಲ್ಲಿ ಜೆನಾಂಗ್ ಕಾಯಿಸಲು ಶುರು ಮಾಡಿದ್ದರು. ದೊಡ್ಡ ಬಾಣಲೆಯಲ್ಲಿ ಅಂಟಕ್ಕಿ ಹಿಟ್ಟು, ತೆಂಗಿನ ಹಾಲು, ಬೆಲ್ಲ. ನಾಲ್ಕು ಗಂಡಸರು ದೋಣಿಯ ಹುಟ್ಟಿನಂಥ ಸಟ್ಟುಗ ಹಿಡಿದು ತಿರುವುತ್ತಿದ್ದರು, ಉಳಿದವರು ಸುತ್ತ ಕೂತು ಹರಟುತ್ತಿದ್ದರು. ಊರೆಲ್ಲ ಅಲ್ಲೇ ಇತ್ತು. ನಾನು ಗಂಡನ ಪುಸ್ತಕ ಎದೆಗೊತ್ತಿಕೊಂಡು ನಡುವೆ ನಿಂತೆ.

"ಒಲೆ ಆರಿಸಿ" ಅಂದೆ. "ನಾನು ತಪ್ಪು ಎಣಿಸಿದೀನಿ."

ಸಟ್ಟುಗಗಳು ನಿಂತವು. ಕುಸ್ಯಾತಿ ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟಳು.

"ದಿನ ಸರಿಯಿದೆ. ದಿಕ್ಕು ತಪ್ಪಿದೆ. ಭಾನುವಾರ ನಾಗ ಪಡುವಣಕ್ಕೆ ಬಾಯಿ ತೆರೆದು ಮಲಗುತ್ತೆ, ಅಂದ್ರೆ ಈ ಇಳಿಜಾರಿನ ಮೇಲೆ. ವರ ಈ ಕಡೆ ಬಂದ್ರೆ ಅದರ ಬಾಯಿಗೇ ಬರ್ತಾನೆ. ಮದುವೆ ಹೊಳೆಯಾಚೆ ಆಗ್ಬೇಕು. ಅವತ್ತು ಈ ಹದಿನಾಲ್ಕು ಮನೇಲಿ ಒಂದರಲ್ಲೂ ಒಲೆ ಹೊತ್ತಿಸಬಾರದು, ಒಬ್ಬರೂ ಹಿಂದೆ ಉಳೀಬಾರದು. ಮೀನನ್ನ ಜೀವಂತ ಒಯ್ದು, ಕೊಳ ಖಾಲಿ ಮಾಡಿ."

ಸುಳ್ಳು ಹೇಳುವುದು ಇಷ್ಟು ಸಲೀಸು ಎಂದು ನನಗೆ ಗೊತ್ತಿರಲಿಲ್ಲ.

ಕುಸ್ಯಾತಿಯ ಬಾಯಿಗೆ ಹಿಡಿತವೇ ಉಳಿಯಲಿಲ್ಲ. "ಮೂರು ದಿನ ಇದೆ ಅನ್ನೋವಾಗ ಹೇಳ್ತೀಯಲ್ಲ ಮುದುಕಿ! ನಿನಗೇನು ಮಗಳಿದಾಳಾ, ಮದುವೆ ಮಾಡಿದೀಯಾ? ನನ್ನ ಮಗಳು ಸ್ವಂತ ಅಂಗಳ ಇಲ್ಲದ ಅನಾಥೆ ಥರ ಹೋಗ್ಬೇಕಾ?"

ಮಗಳಿಲ್ಲ, ನಿಜ. ಅದನ್ನು ಊರ ಮುಂದೆ ಹೇಳಿದಳು.

"ಇದೆಲ್ಲ ಗೂಟದ ಆಟ!" ಎಂದ ಬಾಣಲೆಯ ಬಳಿಯಿದ್ದ ಒಬ್ಬ. "ಅಜ್ಜಿಗೆ ಗುಡ್ಡದ ಭಯ, ನಾಗನ ಮೇಲೆ ಹಾಕ್ತಿದಾಳೆ." ಕೆಲವರು ತಲೆಯಾಡಿಸಿದರು. ಇನ್ನೊಂದು ಮಾತು ಯಾರಾದರೂ ಆಡಿದ್ದರೆ ಎಲ್ಲ ಮುಗಿದಿತ್ತು.

ಆಗ ತಾರ್ಸುದಿ ಎದ್ದ. "ಪುಸ್ತಕ ಕೊಡು ಅತ್ತಿಗೆ."

ಕೊಡದೆ ವಿಧಿಯಿಲ್ಲ. ಕೊಟ್ಟೆ. ಪುಟ ತೆರೆದು ಬೆರಳಿಟ್ಟು ಓದತೊಡಗಿದ. ಅವನ ಬೆರಳು ಮೇಲಿನ ಸಾಲಿನಲ್ಲಿತ್ತು. ನಾಗನ ಮಾತಿರುವುದು ಕೆಳಗಿನ ಸಾಲಿನಲ್ಲಿ. ಕಣ್ಣು ಮಂದವಾಗಿರಬೇಕು ಪಾಪ. ಹನ್ನೊಂದು ವರ್ಷದಿಂದ ನನ್ನನ್ನು ಹಿಡಿಯಲು ಕಾದಿದ್ದವನು. ಅಲ್ಲಿ ಬಡಗಣ ಎಂದು ನನ್ನ ಗಂಡನ ಕೈಬರಹದಲ್ಲೇ ಇದೆ. ತಾರ್ಸುದಿ ತಲೆಯೆತ್ತಿ ನನ್ನನ್ನು ನೋಡಿದ. ಬಹಳ ಹೊತ್ತು ನೋಡಿದ.

"ಪಡುವಣ" ಅಂದ. "ಸ್ಪಷ್ಟವಾಗಿ ಬರೆದಿದೆ. ಹೆಂಗಸಿನ ಕೈಗೆ ಲೆಕ್ಕ ಕೊಟ್ರೆ ಇನ್ನೇನಾಗುತ್ತೆ? ಅಣ್ಣ ಇದ್ದಿದ್ರೆ ತಲೆ ಚಚ್ಚಿಕೊಳ್ತಿದ್ದ."

ನಕ್ಕರು. ಬೈದರು. ಆದರೆ ಒಲೆ ಆರಿಸಿದರು. ತಾರ್ಸುದಿ ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ತನ್ನ ಮನೆಗೆ ಒಯ್ದ. ಯಾರೂ ತಡೆಯಲಿಲ್ಲ. ನಾನು ಮನೆಗೆ ಬಂದು ಅತ್ತೆ. ಅತ್ತು ಮುಗಿದ ಮೇಲೆ ಹೋಗಿ ಅಳೆದೆ.

ಡಿಸೆಂಬರ್ ೧೧, ಶುಕ್ರವಾರ ಪೊನ್. ಅಂತರ ೭೮

ಯಾರೂ ಮಾತಾಡಿಸಲಿಲ್ಲ.

ಡಿಸೆಂಬರ್ ೧೨, ಶನಿವಾರ ವಗೆ. ಅಂತರ ಬೆಳಗ್ಗೆ ೮೦, ಮಧ್ಯಾಹ್ನ ೮೧, ಸಂಜೆ ೮೨

ಕೊಳ ಖಾಲಿ. ಗುರಾಮಿಗಳನ್ನು ಪೀಪಾಯಿಗಳಲ್ಲಿ ಹೊತ್ತು ಹೊಳೆ ದಾಟಿಸಿದರು. ಬಾಣಲೆ, ಚಾಪೆ, ಮೇಕೆ, ಕೋಳಿ, ಚಪ್ಪರದ ಬಿದಿರು ಎಲ್ಲ ಹೋಯಿತು. ಸಂಜೆಯ ಹೊತ್ತಿಗೆ ಜನರೂ ಹೋದರು. ಕೊನೆಗೆ ಹೊರಟ ಕುಸ್ಯಾತಿ ತನ್ನ ಬಾಗಿಲಿಗೆ ಬೀಗ ಹಾಕಿ, ಅಂಗಳ ಗುಡಿಸಿ ಹೋದಳು. ಗುಡಿಸುವಾಗ ಮೇಲೆ ನನ್ನ ಕಡೆ ನೋಡಲಿಲ್ಲ. ನನ್ನನ್ನು ಮದುವೆಗೆ ಕರೆಯಲಿಲ್ಲ.

ಕರೆಯದ ಮನೆಗೆ ಹೋಗುವವಳಲ್ಲ ನಾನು. ನಾಳೆ ಬೆಳಗ್ಗೆ ಯಾರಾದರೊಬ್ಬರು ಅಳೆಯಲೂ ಬೇಕಲ್ಲ.

ಡಿಸೆಂಬರ್ ೧೩, ಭಾನುವಾರ ಕ್ಲಿವೊನ್

ಶಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಬೆಳಗ್ಗೆ ಆರಕ್ಕೆ ೮೫. ಎಂಟಕ್ಕೆ ೮೯. ನಿನ್ನೆ ಸಂಜೆಯಿಂದ ಏಳು! ದಿಮ್ಮಿ ಬಾರಿಸಬೇಕು, ಸರಿ, ಆದರೆ ಯಾರಿಗೆಂದು ಬಾರಿಸಲಿ? ಹದಿಮೂರು ಮನೆ ಖಾಲಿ. ಮಳೆ ನಿಂತಿತ್ತು. ಹೊಳೆಯಾಚೆಯಿಂದ ಮದುವೆಯ ಗಾಮೆಲಾನ್ ವಾದ್ಯದ ಸದ್ದು ಕೇಳುತ್ತಿತ್ತು. ನಾನೇ ಹೇಳಿದ ಕಟ್ಟಳೆ, ಒಲೆ ಹೊತ್ತಿಸಲಿಲ್ಲ. ತಣ್ಣನೆಯ ಮರಗೆಣಸು ತಿಂದೆ. ಹತ್ತಕ್ಕೆ ೯೩.

ಆಗ ತಾರ್ಸುದಿ ಹೊಸ ಲುಂಗಿ ಉಟ್ಟುಕೊಂಡು, ಏದುಸಿರು ಬಿಡುತ್ತಾ ಹತ್ತಿ ಬಂದ.

"ನಡಿ ಅತ್ತಿಗೆ."

"ನನ್ನ ಯಾರು ಕರೆದಿದಾರೆ?"

"ಒಬ್ಬರೂ ಹಿಂದೆ ಉಳೀಬಾರದು ಅಂದಿದ್ದು ಯಾರು? ನಿನ್ನ ನಾಗ ಲೆಕ್ಕ ತಪ್ಪಲ್ವಾ?"

"ನಾಗ ಗೀಗ ನಂಗೆ ಹೇಳ್ಬೇಡ. ಇನ್ನೊಂದು ಸಲ ಅಳೆದು ಬರ್ತೀನಿ."

"ಅಳೆದು ಯಾರಿಗೆ ತೋರಿಸ್ತೀಯಾ, ಮದ್ಕಾಸಿಮಣ್ಣನಿಗಾ? ಅವನ ಹತ್ತಿರ ಇವತ್ತೇ ಹೋಗ್ಬೇಕು ಅಂತ ಇದೀಯಾ?" ಎಂದು ಕಿರುಚಿದ. ಅವನು ನನ್ನ ಮೇಲೆ ಯಾವತ್ತೂ ಕಿರುಚಿರಲಿಲ್ಲ, ಬೆನ್ನ ಹಿಂದೆ ಆಡಿಕೊಳ್ಳುವ ಜಾತಿ. ನಾನು ಒಂದು ಮೀಟರಿನ ಅಳತೆಪಟ್ಟಿ ಹಿಡಿದು ಬಗ್ಗಿದೆ. ಆಚೆಯ ಗೂಟ ವಾಲಿತ್ತು. ತೊಂಬತ್ತೇಳು ಎಂದು ಓದುವಷ್ಟರಲ್ಲಿ ಪಟ್ಟಿ ಸಾಲದಾಯಿತು. ನನ್ನ ಕಣ್ಣೆದುರಿಗೇ ಗೂಟ ದೂರ ಹೋಗುತ್ತಿತ್ತು.

ಅವನು ನನ್ನ ರಟ್ಟೆ ಹಿಡಿದ. ಇಳಿದೆವು, ಬಿದ್ದೆವು, ಎದ್ದೆವು. ದಾರ್ಕುಮನ ಅಂಗಳ ದಾಟುವಾಗ ಗೋಡೆಯೊಳಗೆ ಏನೋ ಲಟಲಟ ಎನ್ನುತ್ತಿತ್ತು. ಬಿದಿರಿನ ಸೇತುವೆ ದಾಟಿ ಹಿಂದಿರುಗಿ ನೋಡಿದೆ. ನನ್ನ ಹಿತ್ತಲಿನ ಬಿದಿರು ಮೆಳೆ ನೆಟ್ಟಗೆ ನಿಂತಂತೆಯೇ ಕೆಳಕ್ಕೆ ನಡೆದು ಬರುತ್ತಿತ್ತು, ನೆಂಟರ ಮನೆಗೆ ಹೊರಟವರ ಹಾಗೆ. ಅದರ ಹಿಂದೆ ನನ್ನ ಮನೆ. ಆಮೇಲೆ ಸದ್ದು ಬಂತು. ಧೂಳು ಬಂತು.

ಗಾಮೆಲಾನ್ ನಿಂತುಹೋಯಿತು. ಮದುವೆಗೆ ಬಂದವರೆಲ್ಲ ದಂಡೆಗೆ ಓಡಿ ಬಂದರು. ಮುರ್ನಿ ತಲೆಯ ಮೇಲಿನ ಹೂವಿನ ಸಮೇತ ಬಂದಳು. ದಾರ್ಕುಮ್ ಹೆಸರು ಹಿಡಿದು ಒಬ್ಬೊಬ್ಬರನ್ನೇ ಕೂಗಿ ಕರೆದ. ಎಲ್ಲರೂ ಓಗೊಟ್ಟರು. ಹದಿನಾಲ್ಕು ಮನೆಯಲ್ಲಿ ಹನ್ನೊಂದು ಇಲ್ಲ. ಜನ ಅಷ್ಟೂ ಇದ್ದಾರೆ.

ದಾರ್ಕುಮ್ ನೆಲಕ್ಕೆ ಕೂತುಬಿಟ್ಟ. ಆಮೇಲೆ ತೆವಳಿಕೊಂಡೇ ಬಂದು ತಾರ್ಸುದಿಯ ಕಾಲು ಹಿಡಿದ. "ನೀವು ಪುಸ್ತಕ ನೋಡದೆ ಹೋಗಿದ್ರೆ…" ಎಂದ. ನಾನು ಪಕ್ಕದಲ್ಲೇ ನಿಂತಿದ್ದೆ, ಮೈಯೆಲ್ಲ ಕೆಸರು.

ಡಿಸೆಂಬರ್ ೧೮, ಶುಕ್ರವಾರ ಕ್ಲಿವೊನ್, ಸುರೊ ತಿಂಗಳ ಮೊದಲ ದಿನ. ಹೊಸ ಗೂಟ, ಅಂತರ ೫೦

ರೆಸ್ತು ಬಂದಿದ್ದಳು. ನನ್ನನ್ನು ತಬ್ಬಿಕೊಂಡು ಅತ್ತಳು. ಅವತ್ತು ನಕ್ಕದ್ದಕ್ಕೆ ತಪ್ಪಾಯಿತು ಅಂದೆ. ಅಂಕಿಗಳನ್ನೆಲ್ಲ ಬೇರೆ ಹಾಳೆಗೆ ನಕಲು ಮಾಡಿ ಕೊಟ್ಟೆ. ಈ ಪುಸ್ತಕ ಕೊಡಲಿಲ್ಲ. ಶಾಲೆಯ ಹಿಂದಿನ ದಿಬ್ಬದಲ್ಲಿ ಬಿರುಕಿಲ್ಲ, ಆದರೂ ಇರಲಿ ಎಂದು ಎರಡು ಗೂಟ ಹೊಡೆದಳು. ಯಾರು ಅಳೆಯುತ್ತೀರಿ ಎಂದರೆ ಎಲ್ಲರೂ ನನ್ನ ಮುಖ ನೋಡಿದರು.

ಕುಸ್ಯಾತಿ ಒಂದು ತಟ್ಟೆ ಅನ್ನ, ಹುರಿದ ಗುರಾಮಿಯ ನಡುತುಂಡು ತಂದಿಟ್ಟಳು. "ನೀನು ತಪ್ಪು ಎಣಿಸಿದ್ದೂ ಒಳ್ಳೇದಕ್ಕೇ ಆಯ್ತಜ್ಜಿ. ಇಲ್ದಿದ್ರೆ ತಾರ್ಸುದಿಯವರು ಪುಸ್ತಕ ನೋಡ್ತಾನೇ ಇರಲಿಲ್ಲ" ಅಂದಳು. ಮೀನಿನ ಮುಳ್ಳು ತೆಗೆಯುತ್ತಾ ಕೂತೆ. ಹೊಟ್ಟೆ ಉರಿಯಿತು. ಮೀನು ಮಾತ್ರ ರುಚಿಯಾಗಿತ್ತು.

ಊರಿಗೆ ಊರೇ ಈಗ ದಿನ ಕೇಳಲು ತಾರ್ಸುದಿಯ ಹತ್ತಿರ ಹೋಗುತ್ತಿದೆ. ಮಧ್ಯಾಹ್ನ ಎಲ್ಲರೂ ಪ್ರಾರ್ಥನೆಗೆ ಹೋದಾಗ ಅವನು ನನ್ನ ಚಾಪೆಯ ಬಳಿ ಬಂದು ಕುಳಿತ. ಕಂಕುಳಿಂದ ಪುಸ್ತಕ ತೆಗೆದು ನನ್ನ ಮುಂದಿಟ್ಟ.

"ಬಡಗಣ ಅಂತ ಇತ್ತು, ಓದಿದೆ ತಾನೆ?" ಎಂದು ಕೇಳಿದೆ.

ಅವನು ಕಿವಿ ಕೆರೆದುಕೊಂಡ. "ನಂಗೆ ಆ ಲಿಪಿ ಓದೋಕೆ ಬರಲ್ಲ ಅತ್ತಿಗೆ. ಅಣ್ಣ ಎರಡು ವಾರ ಹೇಳಿಕೊಟ್ಟು ಓಡಿಸಿಬಿಟ್ಟ."

ಹನ್ನೊಂದು ವರ್ಷ!

"ಮತ್ತೆ ಪಡುವಣ ಅಂತ ಹೆಂಗೆ ಹೇಳಿದೆ?"

"ನಿನ್ನ ಬಾಯಲ್ಲಿ 'ತಪ್ಪು ಎಣಿಸಿದೀನಿ' ಅನ್ನೋ ಮಾತು ನಾನು ಹುಟ್ಟಿದಾಗಿಂದ ಕೇಳಿರಲಿಲ್ಲ. ಅದೂ ಊರ ಮುಂದೆ. ನೀನು ಅಂಥಾ ಮಾತು ಆಡ್ಬೇಕಾದ್ರೆ ಗುಡ್ಡ ಬೀಳೋದು ಖಂಡಿತ ಅನ್ನಿಸ್ತು." ಬಾಗಿಲ ಕಡೆ ನೋಡಿ ಕೇಳಿದ: "ಎಲ್ಲರಿಗೂ ನಿಜ ಹೇಳಿಬಿಡ್ಲಾ?"

ಹೇಳು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ದೇವರಾಣೆಗೂ ಬಂದಿತ್ತು. ಅಷ್ಟರಲ್ಲಿ ದಿಬ್ಬದ ಗೂಟ ನೆನಪಾಯಿತು.

"ಬೇಡ. ಸುಳ್ಳು ಅಂತ ಗೊತ್ತಾದ್ರೆ ಮುಂದಿನ ಸಲ ಯಾರ ಮಾತಿಗೂ ಹೊರಡಲ್ಲ. ನೀನೇ ದೊಡ್ಡವನಾಗಿರು."

ಅವನು ತಲೆಯಾಡಿಸಿದ, ಆದರೆ ಏಳಲಿಲ್ಲ. ಆಮೇಲೆ ಗೊಣಗುವ ದನಿಯಲ್ಲಿ ಬಂದ ಕೆಲಸ ಹೇಳಿದ: "ದಾರ್ಕುಮ್ ಹೊಸ ಮನೆ ಕಟ್ತಾನಂತೆ. ಸುರೊ ಕಳೆದ ಮೇಲೆ ಕಂಬ ನೆಡೋಕೆ ಒಳ್ಳೇ ದಿನ ಯಾವುದು ಅಂತ ಕೇಳಿದಾನೆ. ಎರಡು ದಿನದಿಂದ ಯೋಚನೆ ಮಾಡ್ತಿದೀನಿ ಅಂತ ಸಾಗಹಾಕ್ತಿದೀನಿ. ನೀನು ಪುಸ್ತಕ ನೋಡಿ ನನ್ನ ಕಿವೀಲಿ ಹೇಳಿಬಿಡು, ಯಾರಿಗೂ ಗೊತ್ತಾಗಲ್ಲ."

ಎಷ್ಟೋ ದಿನದ ಮೇಲೆ ನಗು ಬಂತು. ಪುಸ್ತಕ ಎತ್ತಿ ಮಡಿಲಲ್ಲಿಟ್ಟುಕೊಂಡೆ. ತೆರೆಯಲಿಲ್ಲ.

"ಮನೆ ಎಲ್ಲಿ ಕಟ್ತಾನೆ ಅಂತ ಮೊದಲು ಕೇಳ್ಕೊಂಡು ಬಾ" ಅಂದೆ. "ಜಾಗ ನೋಡಿ ಬರ್ತೀನಿ. ದಿನ ಆಮೇಲೆ ಹೇಳ್ತೀನಿ."